ಏಳಕ್ಕೆ ಒಂದು: ಒಂದು ಕಾಲ್ಚೆಂಡಿನ ಪಂದ್ಯದ ಸಂಖ್ಯಾಶಾಸ್ತ್ರೀಯ ವಿವೇಚನೆ

೨೦೧೪ನೆಯ ಇಸವಿ ಜುಲೈ ೮ನೆಯ ದಿನ ಬ್ರೆಜಿಲ್ ದೇಶದ ಬೆಲೊ ಹೊರಿಜೊಂಟೆ ನಗರದ ಮಿನೇರಾವ್ ಕ್ರೀಡಾಂಗಣದಲ್ಲಿ ವಿಶ್ವಕಪ್ ಕಾಲ್ಚೆಂಡಾಟದ ಉಪಾಂತ್ಯ ಪಂದ್ಯವೊಂದು ನಡೆಯಿತು. ಆತಿಥೇಯರಾದ ಬ್ರೆಜಿಲ್ ದೇಶದವರನ್ನು ಜರ್ಮನಿಯ ತಂಡವು ಅಂದು ೭–೧ ಗೋಲುಗಳಿಂದ ಸೋಲಿಸಿತು. ಗೋಲುಗಳು ಬಂದ ಕ್ರಮ ಹೀಗಿರುತ್ತದೆ: ೧೧ನೆಯ ನಿಮಿಷದಲ್ಲಿ ಮ್ಯುಲರ್, ೨೩ನೆಯ ನಿಮಿಷದಲ್ಲಿ ಕ್ಲೋಸೆ, ೨೪ ಮತ್ತು ೨೬ನೆಯ ನಿಮಿಷಗಳಲ್ಲಿ ಕ್ರೋಸ್, ೨೯ನೆಯ ನಿಮಿಷದಲ್ಲಿ ಖೆದೀರಾ, ವಿರಾಮದ ತರುವಾಯ ೬೯ ಮತ್ತು ೭೯ನೆಯ ನಿಮಿಷಗಳಲ್ಲಿ ಶ್ಯೂರ್ಲೆ. ಬ್ರೆಜಿಲ್ ಪಕ್ಷದ ಒಂದೇ ಗೋಲನ್ನು ಆಸ್ಕರ್ ಎಂಬಾತನು ೯೦ನೆಯ ನಿಮಿಷದಲ್ಲಿ ಹೊಡೆದನು. ಸ್ಪರ್ಧಾಪಂದ್ಯಗಳಲ್ಲಿ ಬ್ರೆಜಿಲ್ ತನ್ನ ನೆಲದ ಮೇಲೆ ಇದಕ್ಕೆ ಮುಂಚೆ ಸೋತಿದ್ದುದು ೧೯೭೫ರಲ್ಲಿ, ಪೆರು ದೇಶದ ತಂಡಕ್ಕೆ. ಆ ಸೋಲೂ ಇದೇ ಕ್ರೀಡಾಂಗಣದಲ್ಲಿಯೇ ಸಂಭವಿಸಿತ್ತು.

ಈ ಪಂದ್ಯವನ್ನು ಕುರಿತು ಅಂದಿನಿಂದ ಎರಡು ಬಗೆಯ ತೀರ್ಪುಗಳು ಪ್ರಚಾರದಲ್ಲಿವೆ. ಜರ್ಮನಿಯು ಬ್ರೆಜಿಲಿಗಿಂತ ಆರು ಗೋಲುಗಳಷ್ಟು ಮೇಲಾದ ತಂಡವಾಗಿತ್ತೆಂಬುದು ಒಂದು. ಅಂದಿನದು ಕೇವಲ ದುರ್ದೈವ, ಯಾವ ತಂಡಕ್ಕಾದರೂ ಒಂದು ದಿನ ಬಂದೊದಗಬಹುದಾದ ಆಪತ್ತು ಎಂಬುದು ಇನ್ನೊಂದು. ಮೊದಲನೆಯದನ್ನು ನಂಬಿದವರು ಬ್ರೆಜಿಲಿನ ಕ್ರೀಡಾಪದ್ಧತಿಯೇ ಬುಡದಿಂದ ಕೆಟ್ಟಿದೆಯೆಂದು ಸಾರಿದರು. ಎರಡನೆಯದನ್ನು ನಂಬಿದವರು ಏನನ್ನೂ ತಿದ್ದಿಕೊಳ್ಳಬೇಕಾಗಿಲ್ಲವೆಂದು ಸುಮ್ಮನಾದರು. ಈ ಎರಡರಲ್ಲಿ ಯಾವುದು ಸರಿಯೆಂಬುದನ್ನು ಅಭಿಮಾನದಿಂದ ನಿರ್ಣಯಿಸಲಾಗದು. ಸಂಖ್ಯಾಶಾಸ್ತ್ರದ ಸಾಧನಗಳಿಂದ ಎಷ್ಟು ದೂರ ಹೋಗಬಹುದೆಂಬುದನ್ನು ನೋಡಬಹುದಾಗಿದೆ. ಆದರೆ ಆ ಸಾಧನಗಳಿಗೆ ಸರಿಯಾದ ಪ್ರಶ್ನೆಯನ್ನು ಕೇಳದಿದ್ದರೆ ಅವು ಕೊಡುವ ಉತ್ತರವು ದಾರಿತಪ್ಪಿಸುತ್ತದೆ.

ಕಾಲ್ಚೆಂಡಾಟದಲ್ಲಿ ಗೋಲು ಎಂಬುದು ವಿರಳವಾದ ಘಟನೆ. ತೊಂಬತ್ತು ನಿಮಿಷಗಳ ಕಾಲ ಇಪ್ಪತ್ತೆರಡು ಮಂದಿ ಓಡಾಡಿದರೂ ಎರಡೂ ಪಕ್ಷಗಳು ಸೇರಿ ಎರಡೋ ಮೂರೋ ಗೋಲುಗಳನ್ನು ಪಡೆಯುವುದು ವಾಡಿಕೆ. ಇಂತಹ ವಿರಳ ಘಟನೆಗಳ ಎಣಿಕೆಗೆ ಸಲ್ಲುವ ನಿಯಮವನ್ನು ಫ್ರಾನ್ಸಿನ ಗಣಿತಜ್ಞ ಪ್ವಾಸೋನ್ ೧೮೩೭ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಕಾಣಬಹುದು. ಅದು ಬಹುಕಾಲ ಗ್ರಂಥದಲ್ಲಿಯೇ ಉಳಿದಿದ್ದು, ೧೮೯೮ರಲ್ಲಿ ಬೋರ್ಟ್‌ಕೀವಿಚ್ ಎಂಬ ವಿದ್ವಾಂಸರು ಪ್ರಷ್ಯದ ಸೈನ್ಯದಲ್ಲಿ ಕುದುರೆಗಳ ಒದೆತದಿಂದ ಸತ್ತವರ ಲೆಕ್ಕಕ್ಕೆ ಅದನ್ನು ಅನ್ವಯಿಸಿ ತೋರಿಸಿದ ಮೇಲೆ ಪ್ರಸಿದ್ಧಿಗೆ ಬಂದಿತು. ಹತ್ತು ದಳಗಳು, ಇಪ್ಪತ್ತು ವರ್ಷಗಳು. ಎಂದರೆ ೨೦೦ ದಳ-ವರ್ಷಗಳಲ್ಲಿ ೧೨೨ ಸಾವುಗಳು. ಒಂದು ಸಾವೂ ಇಲ್ಲದ ದಳ-ವರ್ಷಗಳು ೧೦೯; ಪ್ವಾಸೋನ್ ನಿಯಮದಂತೆ ಅವು ೧೦೮.೭ ಇರತಕ್ಕದ್ದು. ಒಂದೊಂದು ಸಾವು ಕಂಡವು ೬೫. ನಿಯಮವು ಹೇಳುವುದು ೬೬.೩. ಯಾವ ಸೇನಾಪತಿಯ ಅಜಾಗ್ರತೆಯನ್ನೂ ಯಾವ ಕುದುರೆಯ ದುಷ್ಟತನವನ್ನೂ ತಿಳಿಯದೆ, ಸರಾಸರಿಯೊಂದನ್ನು ಮಾತ್ರ ತಿಳಿದು ಇಷ್ಟು ಹೇಳಲು ಸಾಧ್ಯವಾಯಿತೆಂಬುದು ಅಂದಿಗೂ ಇಂದಿಗೂ ಆಶ್ಚರ್ಯಕರವೇ. ಈ ನಿಯಮಕ್ಕೆ ಎರಡು ಆಧಾರಗಳುಂಟು: ಘಟನೆ ಸಂಭವಿಸುವ ವೇಗವು ಸ್ಥಿರವಾಗಿರಬೇಕು; ಒಂದು ಘಟನೆಯು ಮತ್ತೊಂದನ್ನು ಕರೆಯಲೂ ಕೂಡದು, ತಡೆಯಲೂ ಕೂಡದು. ಈ ಎರಡನೆಯ ಆಧಾರವನ್ನು ಓದುಗರು ನೆನಪಿನಲ್ಲಿಡಬೇಕು. ಮುಂದಿನ ವಿಚಾರವೆಲ್ಲ ಅದರ ಮೇಲೆಯೇ ನಿಲ್ಲುತ್ತದೆ.

೨೦೧೪ರ ವಿಶ್ವಕಪ್ಪಿನ ೬೪ ಪಂದ್ಯಗಳಲ್ಲಿ ಹೆಚ್ಚುವರಿ ವೇಳೆಯ ಆಟವೂ ಸೇರಿ ೧೭೧ ಗೋಲುಗಳು ಬಂದವು. ಸರಾಸರಿ ಪಂದ್ಯಕ್ಕೆ ೨.೬೭. ಈ ಒಂದು ಅಂಕಿಯಿಂದ ಪ್ವಾಸೋನ್ ನಿಯಮದಂತೆ ಗುಣಿಸಿ ನೋಡಿದರೆ, ಗೋಲೇ ಇಲ್ಲದ ಪಂದ್ಯಗಳು ನಾಲ್ಕೋ ಐದೋ ಇರಬೇಕು. ನಿಜವಾಗಿ ಇದ್ದವು ಏಳು. ಆರು ಅಥವಾ ಅದಕ್ಕೆ ಮೇಲ್ಪಟ್ಟು ಗೋಲುಗಳ ಪಂದ್ಯಗಳು ೩.೫ ಇರಬೇಕು, ಇದ್ದವು ನಾಲ್ಕು. ಅವು ಯಾವುವೆಂದರೆ ಪ್ರಸ್ತುತ ಪಂದ್ಯ, ಫ್ರಾನ್ಸ್ ಸ್ವಿಟ್ಜರ್ಲೆಂಡನ್ನು ೫–೨ರಿಂದ ಗೆದ್ದುದು, ನೆದರ್ಲೆಂಡ್ಸ್ ಸ್ಪೇನನ್ನು ೫–೧ರಿಂದ ಗೆದ್ದುದು, ಆಲ್ಜೀರಿಯ ದಕ್ಷಿಣ ಕೊರಿಯವನ್ನು ೪–೨ರಿಂದ ಗೆದ್ದುದು. ಇಷ್ಟು ಒರಟಾದ ಲೆಕ್ಕಕ್ಕೆ ಈ ಹೊಂದಾಣಿಕೆ ಸಾಲದೆನ್ನುವಂತಿಲ್ಲ. ಒಂದು ಪಂದ್ಯದಲ್ಲಿ ಒಟ್ಟು ಎಂಟು ಅಥವಾ ಹೆಚ್ಚು ಗೋಲುಗಳು ಬರುವ ಸಂಭವವು ೧೬೦ರಲ್ಲಿ ಒಂದು. ಹಾಗಾದರೆ ಎಂಟು ಗೋಲುಗಳೆಂಬ ಮೊತ್ತದಲ್ಲಿ ಅದ್ಭುತವೇನೂ ಇಲ್ಲ. ಎರಡು ಮೂರು ವಿಶ್ವಕಪ್ಪುಗಳಿಗೆ ಒಮ್ಮೆ ಅಂತಹದು ನಡೆಯಬಹುದು. ೧೯೫೪ರಲ್ಲಿ ಲೋಜಾನ್ ನಗರದಲ್ಲಿ ಆಸ್ಟ್ರಿಯವು ಸ್ವಿಟ್ಜರ್ಲೆಂಡನ್ನು ೭–೫ರಿಂದ ಸೋಲಿಸಿದ ಪಂದ್ಯದಲ್ಲಿ ಹನ್ನೆರಡು ಗೋಲುಗಳು ಬಂದಿದ್ದುವು; ಅದನ್ನು ಯಾರೂ ರಾಷ್ಟ್ರೀಯ ದುರಂತವೆಂದು ಕರೆದಂತಿಲ್ಲ.

ಆಶ್ಚರ್ಯವಿರುವುದು ಮೊತ್ತದಲ್ಲಲ್ಲ, ಹಂಚಿಕೆಯಲ್ಲಿ. ಏಳು ಗೋಲುಗಳು ಒಂದೇ ಪಕ್ಷಕ್ಕೆ ಸಂದವು. ಉಪಾಂತ್ಯಕ್ಕೆ ಬರುವ ತನಕ ಎರಡು ತಂಡಗಳೂ ಐದೈದು ಪಂದ್ಯಗಳನ್ನಾಡಿದ್ದುವು. ಒಂದೊಂದು ಪಂದ್ಯವು ಹೆಚ್ಚುವರಿ ವೇಳೆಗೆ ಬೆಳೆದಿದ್ದುದರಿಂದ ಇಬ್ಬರ ಆಟವೂ ಸರಿಯಾಗಿ ೪೮೦ ನಿಮಿಷಗಳಷ್ಟಾಗಿತ್ತು. ಆ ಅವಧಿಯಲ್ಲಿ ಜರ್ಮನಿಯು ಹೊಡೆದ ಗೋಲುಗಳು ೧೦; ಬ್ರೆಜಿಲ್ ಬಿಟ್ಟುಕೊಟ್ಟವು ೪, ಅವುಗಳಲ್ಲಿಯೂ ಒಂದು ಅದರ ಆಟಗಾರನೇ ತನ್ನ ಬಲೆಗೆ ತಳ್ಳಿಕೊಂಡದ್ದು. ತೊಂಬತ್ತು ನಿಮಿಷಗಳಿಗೆ ಇಳಿಸಿದರೆ ಜರ್ಮನಿಯ ಹೊಡೆಯುವ ವೇಗ ೧.೯, ಬ್ರೆಜಿಲ್ ಬಿಡುವ ವೇಗ ೦.೭೫, ಇವೆರಡರ ನಡುವಣ ಅಂಕಿ ಸುಮಾರು ೧.೩. ಈ ೧.೩ನ್ನು ಸರಾಸರಿಯಾಗಿ ಇಟ್ಟುಕೊಂಡರೆ ಏಳು ಅಥವಾ ಹೆಚ್ಚು ಗೋಲು ಬರುವ ಸಂಭವವು ೨,೫೦೦ರಲ್ಲಿ ಒಂದು.

ಈ ಅಂಕಿಯನ್ನು ಕೇಳಿದೊಡನೆ ಪಂದ್ಯವು ಅಸಾಧ್ಯವಾದುದೊಂದು ಪವಾಡವೆಂದು ತೀರ್ಮಾನಿಸುವುದು ಸುಲಭ; ಅದು ಎರಡು ಕಾರಣಗಳಿಂದ ತಪ್ಪಾಗುತ್ತದೆ. ಮೊದಲನೆಯದಾಗಿ, ಈ ಪಂದ್ಯವನ್ನು ಪರೀಕ್ಷೆಗಾಗಿ ಮುಂಚಿತವಾಗಿ ಆರಿಸಿದುದಲ್ಲ. ಅದು ವಿಚಿತ್ರವಾಗಿದ್ದುದರಿಂದಲೇ ಆರಿಸಲ್ಪಟ್ಟಿತು. ೧೯೩೦ರಿಂದ ೨೦೧೪ರ ವರೆಗೆ ನಡೆದ ವಿಶ್ವಕಪ್ ಪಂದ್ಯಗಳು ೮೩೬; ಒಂದೊಂದು ಪಂದ್ಯಕ್ಕೆ ಎರಡು ಪಕ್ಷಗಳಂತೆ ೧,೬೭೨ ಪ್ರಯತ್ನಗಳು. ಅಷ್ಟು ರಾಶಿಯಲ್ಲಿ ಅತ್ಯಂತ ವಿಚಿತ್ರವಾದುದನ್ನು ಹೆಕ್ಕಿ ತೆಗೆದರೆ ಅದು ವಿಚಿತ್ರವಾಗಿ ತೋರದೆ ಇನ್ನೇನು? ಎರಡನೆಯದಾಗಿ, ಪ್ವಾಸೋನ್ ನಿಯಮದ ಬಾಲವು ಸರಾಸರಿಯನ್ನು ಸ್ವಲ್ಪ ಅಲುಗಿಸಿದರೂ ಬಹಳ ಓಲಾಡುತ್ತದೆ. ಸರಾಸರಿಯನ್ನು ೧.೩ರಿಂದ ೧.೯ಕ್ಕೆ ಏರಿಸಿದರೆ ಅದೇ ಸಂಭವವು ೨,೫೦೦ರಲ್ಲಿ ಒಂದಲ್ಲ, ೨೯೦ರಲ್ಲಿ ಒಂದು, ೨.೫ಕ್ಕೆ ಏರಿಸಿದರೆ ೭೦ರಲ್ಲಿ ಒಂದು. ಅಂದು ಬ್ರೆಜಿಲ್ ತಂಡದಲ್ಲಿ ನಾಯಕನೂ ರಕ್ಷಣೆಯ ಮುಖ್ಯಸ್ತಂಭವೂ ಆದ ಥಿಯಾಗೊ ಸಿಲ್ವ ಇರಲಿಲ್ಲ, ಅವನು ಎಚ್ಚರಿಕೆಯ ಚೀಟಿಗಳ ಕಾರಣದಿಂದ ಹೊರಗುಳಿದಿದ್ದನು; ಬೆನ್ನೆಲುಬಿನ ಮೂಳೆ ಮುರಿದ ನೈಮಾರನೂ ಇರಲಿಲ್ಲ. ಇವರ ಗೈರುಹಾಜರಿಯಿಂದ ಸರಾಸರಿಯು ಎಷ್ಟು ಏರಿತೆಂದು ಹೇಳಬಲ್ಲವರಾರು? ಆದುದರಿಂದ ‘ಇಂತಹ ಪಂದ್ಯದ ಸಂಭವ ಇಷ್ಟು’ ಎಂದು ಒಂದೇ ಅಂಕಿಯನ್ನು ಘಂಟಾಘೋಷವಾಗಿ ಹೇಳುವವರನ್ನು ಸಂದೇಹದಿಂದಲೇ ಕೇಳಬೇಕು.

ವಿಶ್ವಕಪ್ಪಿನ ಇತಿಹಾಸದಲ್ಲಿ ಒಂದು ಪಕ್ಷವು ಏಳಕ್ಕಿಂತ ಹೆಚ್ಚು ಹೊಡೆದ ನಿದರ್ಶನಗಳು ಸರಳವಾದ ಪ್ವಾಸೋನ್ ಲೆಕ್ಕಕ್ಕೆ ಮೀರಿದಷ್ಟಿವೆ ಎಂಬುದನ್ನೂ ಇಲ್ಲಿ ಹೇಳಬೇಕು. ೧೯೭೪ರಲ್ಲಿ ಯುಗೊಸ್ಲಾವಿಯವು ಝೈರೆಯನ್ನು ೯–೦ರಿಂದಲೂ, ೧೯೮೨ರಲ್ಲಿ ಹಂಗರಿಯು ಎಲ್ ಸಾಲ್ವದೊರನ್ನು ೧೦–೧ರಿಂದಲೂ ಸೋಲಿಸಿದುವು. ಬಲಾಬಲಗಳು ತೀರ ವಿಷಮವಾಗಿರುವಲ್ಲಿ ಸರಾಸರಿಯೇ ಬೇರೆಯಾಗುತ್ತದೆ. ಬೇರೆ ಬೇರೆ ಸರಾಸರಿಗಳ ಪಂದ್ಯಗಳನ್ನು ಒಂದೇ ಬುಟ್ಟಿಗೆ ಸುರಿದರೆ ವಿತರಣೆಯು ಹರಡಿಕೊಳ್ಳುತ್ತದೆ. ಇಂತಹ ಹರಡಿಕೆಗೆ ಋಣ ದ್ವಿಪದ ವಿತರಣೆಯು ಹೆಚ್ಚು ಹೊಂದುವುದೆಂದು ಮೊರೊನಿಯವರು ೧೯೫೧ರಲ್ಲಿ ತೋರಿಸಿದರು. ೧೯೮೨ರಲ್ಲಿ ಮಾಹರ್ ಎಂಬವರು ಪ್ರತಿಯೊಂದು ತಂಡಕ್ಕೂ ಆಕ್ರಮಣಬಲ, ರಕ್ಷಣಬಲಗಳೆಂಬ ಎರಡು ಅಂಕಿಗಳನ್ನು ಕೊಟ್ಟು ಪ್ವಾಸೋನನ್ನೇ ಪುನಃ ಪ್ರತಿಷ್ಠಾಪಿಸಿದರು. ಆದರೆ ಝೈರೆ, ಎಲ್ ಸಾಲ್ವದೊರ್ ದೇಶಗಳ ನಿದರ್ಶನವು ಬ್ರೆಜಿಲಿಗೆ ಸಲ್ಲದು. ೪೮೦ ನಿಮಿಷಗಳಲ್ಲಿ ನಾಲ್ಕೇ ಗೋಲು ಬಿಟ್ಟ ತಂಡವು ಅಶಕ್ತವೆನ್ನಿಸಿಕೊಳ್ಳುವುದಿಲ್ಲ.

ಇನ್ನು ಪಂದ್ಯದ ಒಳಗಣ ಲೆಕ್ಕಗಳನ್ನು ನೋಡೋಣವೆಂದರೆ ಅವು ಮೊದಲ ನೋಟಕ್ಕೆ ಹಾಸ್ಯದಂತೆ ತೋರುತ್ತವೆ. ಚೆಂಡು ಬ್ರೆಜಿಲಿನ ವಶದಲ್ಲಿದ್ದುದು ನೂರಕ್ಕೆ ೫೨ ಪಾಲು. ಗೋಲಿನತ್ತ ಹೊಡೆದ ಹೊಡೆತಗಳು ಬ್ರೆಜಿಲಿನವು ೧೮, ಜರ್ಮನಿಯವು ೧೪. ಫಲಿತಾಂಶವನ್ನು ಮುಚ್ಚಿಟ್ಟು ಈ ಅಂಕಿಗಳನ್ನು ಮಾತ್ರ ತೋರಿಸಿದರೆ ಯಾರಾದರೂ ಬ್ರೆಜಿಲ್ ಗೆದ್ದಿರಬಹುದು, ಇಲ್ಲವೆ ಸಮವಾಗಿರಬಹುದೆಂದು ಊಹಿಸಿಯಾರು. ಹೊಡೆತಗಳಿಗೂ ಗೋಲುಗಳಿಗೂ ಇರುವ ಪ್ರಮಾಣವನ್ನು ಬಹುಕಾಲ ಶೋಧಿಸಿದವರು ಚಾರ್ಲ್ಸ್ ರೀಪ್ ಎಂಬ ಆಂಗ್ಲ ವಾಯುಸೇನಾಧಿಕಾರಿ. ೧೯೫೦ರ ಮಾರ್ಚಿ ತಿಂಗಳಲ್ಲಿ ಸ್ವಿಂಡನ್ ಊರಿನ ಪಂದ್ಯವೊಂದರಲ್ಲಿ ಪೆನ್ಸಿಲು ಹಿಡಿದು ಗುರುತುಹಾಕಲು ತೊಡಗಿದ ಅವರು ಹಲವು ದಶಕಗಳ ಕಾಲ ಆ ವ್ರತವನ್ನು ಬಿಡಲಿಲ್ಲ. ೧೯೬೮ರಲ್ಲಿ ಅವರೂ ಸಂಖ್ಯಾಶಾಸ್ತ್ರಜ್ಞ ಬೆಂಜಮಿನ್ನರೂ ಕೂಡಿ ಬರೆದ ಲೇಖನದಲ್ಲಿ, ಸುಮಾರು ಹತ್ತು ಹೊಡೆತಗಳಿಗೆ ಒಂದು ಗೋಲು ಎಂಬ ಪ್ರಮಾಣವನ್ನೂ, ಈ ಆಟದಲ್ಲಿ ಆಕಸ್ಮಿಕವೇ ಪ್ರಬಲವೆಂಬ ಅಭಿಪ್ರಾಯವನ್ನೂ ಕಾಣುತ್ತೇವೆ. ರೀಪರು ತಮ್ಮ ಅಂಕಿಗಳಿಂದ ಮುಂದೆ ಎಳೆದ ಆಟದ ಉಪದೇಶಗಳು ಬೇರೆ ಮಾತು. ಚೆಂಡನ್ನು ಬೇಗ ದೂರ ಹೊಡೆಯಬೇಕೆಂಬ ಅವರ ಮತವನ್ನು ಅನೇಕರು ಖಂಡಿಸಿರುತ್ತಾರೆ. ಎಣಿಕೆ ಮಾತ್ರ ನಿಂತಿದೆ.

ಹತ್ತಕ್ಕೆ ಒಂದರಂತೆ ಲೆಕ್ಕಹಾಕಿದರೆ ೧೪ ಹೊಡೆತಗಳಲ್ಲಿ ಏಳು ಗೋಲಾಗುವ ಸಂಭವವು ಆರು ಸಾವಿರದಲ್ಲಿ ಒಂದು. ಇದರಿಂದ ಎರಡು ನಿರ್ಣಯಗಳು ಸಾಧ್ಯ: ಜರ್ಮನಿಯ ಅದೃಷ್ಟ ಅತಿಶಯವಾಗಿತ್ತು, ಇಲ್ಲವೆ ಆ ೧೪ ಹೊಡೆತಗಳು ಸಾಮಾನ್ಯ ಹೊಡೆತಗಳಾಗಿರಲಿಲ್ಲ. ಗೋಲುಗಳನ್ನು ಒಂದೊಂದಾಗಿ ನೋಡಿದವರಿಗೆ ಎರಡನೆಯದೇ ನಿಜವೆಂದು ತಿಳಿಯುತ್ತದೆ. ಮೊದಲನೆಯದು ಮೂಲೆಯ ಒದೆತದಿಂದ ಬಂದಾಗ ಮ್ಯುಲರನ ಬಳಿ ಕಾವಲಿಗೆ ಯಾರೂ ಇರಲಿಲ್ಲ. ಎರಡನೆಯದನ್ನು ಕ್ಲೋಸೆಯು, ತನ್ನ ಹೊಡೆತವನ್ನೇ ಗೋಲುರಕ್ಷಕ ತಡೆದು ಹಿಂದಕ್ಕೆ ಬಿಟ್ಟಾಗ, ಮತ್ತೆ ಹೊಡೆದು ಪಡೆದನು. ವಿಶ್ವಕಪ್ಪಿನಲ್ಲಿ ಅದು ಅವನ ೧೬ನೆಯ ಗೋಲು. ಬ್ರೆಜಿಲಿನ ರೊನಾಲ್ಡೊ ಸ್ಥಾಪಿಸಿದ್ದ ೧೫ರ ದಾಖಲೆಯು ಬ್ರೆಜಿಲಿನ ನೆಲದಲ್ಲಿಯೇ ಮುರಿಯಿತು. ಹೊಡೆತ ಹುಟ್ಟಿದ ದೂರ, ಕೋನ, ಸುತ್ತಣ ರಕ್ಷಕರ ಸ್ಥಿತಿ ಇವುಗಳನ್ನು ತೂಗಿ ಪ್ರತಿಯೊಂದಕ್ಕೂ ಬೇರೆ ಬೆಲೆ ಕಟ್ಟುವ ‘ನಿರೀಕ್ಷಿತ ಗೋಲು’ ಎಂಬ ಎಣಿಕೆಯು ಈಚೆಗೆ ಬಳಕೆಗೆ ಬಂದಿರುವುದು ಈ ಕಾರಣದಿಂದಲೇ. ಬರಿಯ ಹೊಡೆತಗಳ ಸಂಖ್ಯೆಯು, ತೂಕ ನೋಡದೆ ನಾಣ್ಯಗಳನ್ನು ಎಣಿಸಿದಂತೆ.

ಆದರೆ ಈ ಪಂದ್ಯದ ಹುರುಳು ಇರುವುದು ೨೩ರಿಂದ ೨೯ನೆಯ ನಿಮಿಷದ ವರೆಗಿನ ಅಲ್ಪಕಾಲದಲ್ಲಿ. ಅದಕ್ಕೆ ಮುಂಚಿನ ೪೮೦ ನಿಮಿಷಗಳಲ್ಲಿ ಬ್ರೆಜಿಲ್ ಬಿಟ್ಟಷ್ಟೇ ಗೋಲುಗಳು, ನಾಲ್ಕು, ಸುಮಾರು ಆರೇ ನಿಮಿಷಗಳಲ್ಲಿ ಬಿದ್ದುವು. ಇದರ ಸಂಭವವೆಷ್ಟು? ಉತ್ತರವು ಪ್ರಶ್ನೆಯನ್ನು ಕೇಳುವ ರೀತಿಯನ್ನು ಅವಲಂಬಿಸುತ್ತದೆ. ಮೊದಲೇ ಗೊತ್ತುಮಾಡಿದ ಆರು ನಿಮಿಷಗಳಲ್ಲಿ, ತೊಂಬತ್ತು ನಿಮಿಷಕ್ಕೆ ೧.೩ರ ವೇಗದಲ್ಲಿ, ನಾಲ್ಕು ಗೋಲುಗಳಾಗುವ ಸಂಭವವು ಹತ್ತು ಲಕ್ಷದಲ್ಲಿ ಎರಡು. ಆದರೆ ಆ ಆರು ನಿಮಿಷಗಳನ್ನು ಮೊದಲೇ ಗೊತ್ತುಮಾಡಿದವರು ಯಾರೂ ಇಲ್ಲ. ಪಂದ್ಯದ ಯಾವ ಭಾಗದಲ್ಲಾದರೂ ಅಂತಹ ಆರು ನಿಮಿಷಗಳು ಕಾಣಿಸಿಕೊಳ್ಳಬಹುದೇ ಎಂದು ಕೇಳಿದರೆ ಸಂಭವವು ಸುಮಾರು ಎಂಟು ಸಾವಿರದಲ್ಲಿ ಒಂದಕ್ಕೆ ಏರುತ್ತದೆ. ಮೂರನೆಯ ಪ್ರಶ್ನೆಯೊಂದುಂಟು: ಏಳು ಗೋಲುಗಳು ಬಂದೇ ಬಂದುವೆಂದು ಒಪ್ಪಿಕೊಂಡು, ಅವು ತೊಂಬತ್ತು ನಿಮಿಷಗಳಲ್ಲಿ ಕಂಡಕಂಡಲ್ಲಿ ಚೆಲ್ಲಿದಂತೆ ಬಿದ್ದಿದ್ದರೆ, ನಾಲ್ಕು ಒಂದೆಡೆ ಆರು ನಿಮಿಷಗಳ ಒಳಗೆ ಗುಂಪಾಗುವ ಸಂಭವವೆಷ್ಟು? ನೂರಕ್ಕೆ ಮೂರು. ನಿಮಿಷಗಳನ್ನು ಪೂರ್ಣಾಂಕಗಳಲ್ಲಿ ಬರೆದಿರುವುದರಿಂದ ಅವಧಿಯನ್ನು ಏಳು ನಿಮಿಷಗಳೆಂದು ಉದಾರವಾಗಿ ಹಿಡಿದರೆ ನೂರಕ್ಕೆ ನಾಲ್ಕೂವರೆ. ಹತ್ತು ಲಕ್ಷದಲ್ಲಿ ಎರಡಕ್ಕೂ ನೂರಕ್ಕೆ ಮೂರಕ್ಕೂ ಎಷ್ಟು ಅಂತರ! ಘಟನೆ ಒಂದೇ, ಗಣಿತವೂ ಒಂದೇ. ಪ್ರಶ್ನೆ ಮಾತ್ರ ಬೇರೆ.

ಮೂರನೆಯ ಪ್ರಶ್ನೆಯೇ ಇಲ್ಲಿ ಪ್ರಯೋಜನಕ್ಕೆ ಬರತಕ್ಕದ್ದು, ಏಕೆಂದರೆ ಅದರಲ್ಲಿ ಯಾರ ಬಲ ಎಷ್ಟೆಂಬ ಊಹೆಗೆ ಎಡೆಯಿಲ್ಲ. ಜರ್ಮನಿಯು ತೊಂಬತ್ತು ನಿಮಿಷವೂ ಆರು ಗೋಲುಗಳಷ್ಟು ಮೇಲಾಗಿದ್ದರೆ ಅದರ ಗೋಲುಗಳು ತೊಂಬತ್ತು ನಿಮಿಷಕ್ಕೂ ಹರಡಿರಬೇಕು. ಅಂತಹ ಹರಡಿಕೆಯಲ್ಲಿ ಹೀಗೆ ಗುಂಪಾಗುವುದು ನೂರಕ್ಕೆ ಮೂರು ಬಾರಿ. ವೇಗವೇ ನಡುವೆ ಒಮ್ಮೆ ಮುರಿದುಬಿದ್ದಿದ್ದರೆ ಗುಂಪಾಗುವುದೇ ಸಹಜ. ಸಾಕ್ಷ್ಯವು ಎರಡನೆಯದರ ಕಡೆಗೆ ವಾಲುತ್ತದೆ. ಅಲುಗಾಡಿಸಲಾಗದಂತೆ ಅಲ್ಲ, ಆದರೂ ವಾಲುತ್ತದೆ. ಗುಂಪಿನ ಹೊರಗಣ ೮೪ ನಿಮಿಷಗಳಲ್ಲಿ ಜರ್ಮನಿಯ ಗೋಲುಗಳು ಮೂರು, ಬ್ರೆಜಿಲಿನದು ಒಂದು. ೧.೩ರ ವೇಗದಲ್ಲಿಯೂ ಅಷ್ಟು ಕಾಲದಲ್ಲಿ ಮೂರು ಅಥವಾ ಹೆಚ್ಚು ಗೋಲುಗಳಾಗುವುದು ಎಂಟು ಪಂದ್ಯಗಳಿಗೆ ಒಮ್ಮೆ. ಅದು ಸೋಲೇ ಹೌದು, ಆದರೆ ಎಲ್ಲ ದೇಶಗಳೂ ಕಂಡಿರುವಂತಹ ಸೋಲು.

ಗೋಲುಗಳು ಒಂದನ್ನೊಂದು ಕರೆಯಲಾರವೆಂಬ ಪ್ವಾಸೋನ್ ನಿಯಮದ ಆಧಾರವು ಕುಸಿದುದು ಎಲ್ಲಿ ಎಂಬುದನ್ನು ಬೆರಳಿಟ್ಟು ತೋರಿಸಬಹುದು. ಗೋಲು ಬಿಟ್ಟ ಪಕ್ಷಕ್ಕೆ ಮಧ್ಯರೇಖೆಯಿಂದ ಚೆಂಡನ್ನು ಮೊದಲು ಒದೆಯುವ ಹಕ್ಕು ಸಲ್ಲುತ್ತದೆಂಬುದು ಆಟದ ವಿಧಿ. ಈ ವಿಧಿಯಿಂದ, ಒಂದು ಪಕ್ಷದ ಗೋಲಿನ ಬೆನ್ನಿಗೇ ಅದೇ ಪಕ್ಷಕ್ಕೆ ಮತ್ತೊಂದು ಗೋಲು ದೊರೆಯುವುದಕ್ಕೆ ಸ್ವಲ್ಪಮಟ್ಟಿಗೆ ತಡೆಯುಂಟಾಗಬೇಕು. ಆದರೆ ಮೂರನೆಯ ಗೋಲಿನ ತರುವಾಯ ಚೆಂಡನ್ನು ಒದ್ದು ಆಟ ಪ್ರಾರಂಭಿಸಿದ ಬ್ರೆಜಿಲಿನವರಿಂದ, ಫೆರ್ನಾಂದಿನ್ಯೊ ಎಂಬವನ ಕಾಲಿನಿಂದಲೇ, ಕ್ರೋಸನು ಚೆಂಡನ್ನು ಕಸಿದು ಖೆದೀರನೊಡನೆ ಕೊಟ್ಟುಕೊಂಡು ನಾಲ್ಕನೆಯದನ್ನು ಹೊಡೆದನು. ರಕ್ಷಣೆಯ ಹಕ್ಕೇ ಅಪಾಯದ ಬಾಗಿಲಾಯಿತು. ಹಿಂದುಳಿದ ಪಕ್ಷವು ಗೋಲನ್ನು ಬೇಗ ಮರಳಿ ಪಡೆಯಬೇಕೆಂಬ ಆತುರದಿಂದ ಮುಂದಕ್ಕೆ ನುಗ್ಗಿ, ಹಿಂದೆ ಬಯಲನ್ನು ಬಿಟ್ಟಿತು. ಆ ಬಯಲಿನಲ್ಲಿ ಮುಂದಿನ ಗೋಲು ಹುಟ್ಟಿತು. ಅದು ಆತುರವನ್ನು ಇನ್ನಷ್ಟು ಬೆಳೆಯಿಸಿತು. ಸಿಲ್ವನ ಬದಲು ನಾಯಕನಾಗಿದ್ದ ದಾವಿದ್ ಲೂಯಿಜ್ ತನ್ನ ಕಾವಲನ್ನು ಬಿಟ್ಟು ಪುನಃ ಪುನಃ ಮುಂದೆ ಬಂದುದನ್ನು ಪಂದ್ಯವನ್ನು ಕಂಡವರೆಲ್ಲ ಬಲ್ಲರು. ವಿರಾಮದಲ್ಲಿ ಫೆರ್ನಾಂದಿನ್ಯೊ, ಹಲ್ಕ್ ಇಬ್ಬರನ್ನೂ ಹೊರಗಿರಿಸಿ ರಮೀರೆಸ್, ಪೌಲಿನ್ಯೊ ಎಂಬವರನ್ನು ಕಣಕ್ಕಿಳಿಸಲಾಯಿತು. ಸರಪಳಿ ಅಲ್ಲಿಗೆ ಕಡಿಯಿತು. ಎರಡನೆಯ ಅರ್ಧದ ಆರಂಭದಲ್ಲಿ ಬ್ರೆಜಿಲಿನ ಹೊಡೆತಗಳನ್ನು ಜರ್ಮನಿಯ ಗೋಲುರಕ್ಷಕ ನೊಯರ್ ಮೇಲಿಂದ ಮೇಲೆ ತಡೆಯಬೇಕಾಯಿತೆಂಬುದನ್ನು ಫಲಿತಾಂಶದ ಗದ್ದಲದಲ್ಲಿ ಬಹುಮಂದಿ ಮರೆತಿರುತ್ತಾರೆ.

ಗೋಲಿನ ವೇಗವು ಆಟದ ಕಾಲದೊಡನೆಯೂ ಆ ಹೊತ್ತಿನ ಗೋಲುಸಂಖ್ಯೆಯೊಡನೆಯೂ ಮಾರ್ಪಡುತ್ತದೆಂಬುದನ್ನು ೧೯೯೮ರಲ್ಲಿ ಡಿಕ್ಸನ್, ರಾಬಿನ್ಸನ್ ಎಂಬಿಬ್ಬರು ಇಂಗ್ಲೆಂಡಿನ ಪಂದ್ಯಗಳಿಂದ ಪ್ರತಿಪಾದಿಸಿದರು. ಅವರ ವಿಧಾನದಲ್ಲಿ ಪ್ರತಿಯೊಂದು ಗೋಲೂ ಮುಂದಿನದರ ಸಂಭವವನ್ನು ಏರಿಸಬಹುದು, ಇಳಿಸಬಹುದು. ಅಂತಹ ವಿಧಾನಗಳಿಂದಲೂ ಮಿನೇರಾವಿನ ಆರು ನಿಮಿಷಗಳನ್ನು ಮುಂಗಾಣಲಾಗದು. ಸಹಸ್ರಾರು ಪಂದ್ಯಗಳ ಸರಾಸರಿ ವರ್ತನೆಯನ್ನು ಅಳೆಯುವ ಸಾಧನಕ್ಕೆ ಹನ್ನೊಂದು ಮಂದಿಯ ದಿಗ್ಭ್ರಮೆಯು ತೂಕಕ್ಕೆ ಸಿಕ್ಕುವುದಿಲ್ಲ.

ಒಂದು ಪಂದ್ಯದ ಗೋಲುಗಳಿಂದ ತಂಡದ ಯೋಗ್ಯತೆಯನ್ನು ಅಳೆಯುವುದು ಎಷ್ಟು ಅವಿಶ್ವಸನೀಯವೆಂಬುದಕ್ಕೆ ಅದೇ ವಾರದಲ್ಲಿ ನಿದರ್ಶನ ದೊರೆಯಿತು. ಜುಲೈ ೧೨ರಂದು ಬ್ರೆಜಿಲ್ ಮೂರನೆಯ ಸ್ಥಾನದ ಪಂದ್ಯದಲ್ಲಿ ನೆದರ್ಲೆಂಡ್ಸ್ ತಂಡಕ್ಕೆ ೩–೦ರಿಂದ ಸೋತಿತು. ಇದರಿಂದ ಮೊದಲನೆಯ ತೀರ್ಪಿನವರಿಗೆ ಬಲ ಬಂದಿತು. ಮಾರನೆಯ ದಿನ ರಿಯೊ ದೆ ಜನೈರೊ ನಗರದ ಅಂತಿಮ ಪಂದ್ಯದಲ್ಲಿ ಜರ್ಮನಿಯು ಆರ್ಜೆಂಟೀನವನ್ನು ಎದುರಿಸಿತು. ಮಿನೇರಾವಿನಲ್ಲಿ ಮೊದಲಿನಿಂದ ಆಡಿದ ಹನ್ನೊಂದು ಮಂದಿಯಲ್ಲಿ ಖೆದೀರನನ್ನುಳಿದು ಹತ್ತು ಮಂದಿ ಇಲ್ಲಿಯೂ ಮೊದಲಿನಿಂದಲೇ ಕಣದಲ್ಲಿದ್ದರು. ತೊಂಬತ್ತು ನಿಮಿಷಗಳು ಗೋಲಿಲ್ಲದೆ ಕಳೆದುವು. ಐದು ದಿನಗಳ ಹಿಂದೆ ಅರ್ಧ ಗಂಟೆಯೊಳಗೆ ಐದು ಗೋಲು ಹೊಡೆದಿದ್ದ ತಂಡಕ್ಕೆ ಮೊದಲ ಗೋಲು ದೊರೆತುದು ೧೧೩ನೆಯ ನಿಮಿಷದಲ್ಲಿ. ಅದನ್ನು ಹೊಡೆದವನು ಬದಲಿಯಾಗಿ ಬಂದ ಗೋಟ್ಜೆ. ಅದೊಂದೇ ಗೋಲಿನಿಂದ ಕಪ್ಪು ಜರ್ಮನಿಯದಾಯಿತು.